ಹೊನ್ನಿನ ಮೇಲೆ ತನ್ನ ಮುಖವನ್ನೊತ್ತಿದವನು

ಅಂಗೈಯ ಮೇಲಿಟ್ಟರೆ ಹೆಬ್ಬೆರಳಿನ ಉಗುರಿಗಿಂತ ತುಸು ಅಗಲ. ತೂಗಿದರೆ ಏಳು ಗ್ರಾಮಿಗೆ ಸ್ವಲ್ಪ ಹೆಚ್ಚು, ಮುಕ್ಕಾಲು ತೊಲವೂ ಇಲ್ಲ. ಒಂದು ಬದಿಯಲ್ಲಿ ನಡುವಯಸ್ಸನ್ನು ದಾಟಿದ ಗಂಡಸಿನ ತಲೆ. ಗುಂಗುರುಗೂದಲು, ಉಬ್ಬಿದ ಹುಬ್ಬು, ಒಳಕ್ಕಿಳಿದ ಕಣ್ಣು, ಕೊಕ್ಕಿನಂಥ ಮೂಗು, ಮುಂದಕ್ಕೆ ಚಾಚಿದ ಗದ್ದ. ಸುಂದರನೆಂದು ಯಾರೂ ಹೇಳಲಾರರು. ಒಮ್ಮೆ ನೋಡಿದವರು ಮರೆಯಲೂ ಆರರು. ಹೊರಳಿಸಿದರೆ ನಾಲ್ಕು ಆನೆಗಳನ್ನು ಹೂಡಿದ ರಥ. ಅದರಲ್ಲಿ ಸಿಡಿಲನ್ನು ಕೈಯಲ್ಲಿ ಹಿಡಿದು ನಿಂತ ದೇವಾಕೃತಿ. ಜೊತೆಗೆ, ಇದು ಟಾಲೆಮಿ ದೊರೆಯದೆಂಬ ಅರ್ಥದ ಎರಡೇ ಗ್ರೀಕ್ ಮಾತುಗಳು.

ಈ ಚಿನ್ನದ ನಾಣ್ಯವನ್ನು ಟಂಕಿಸಿದ್ದು ಕ್ರಿ.ಪೂ. 300ರ ಆಸುಪಾಸಿನಲ್ಲಿ, ಈಜಿಪ್ಟಿನ ದೊರೆಯಾಗಿದ್ದ ಮೊದಲನೆಯ ಟಾಲೆಮಿಯ ಆಜ್ಞೆಯಂತೆ. ಇಂದು ನಮಗೆ ಇದರಲ್ಲಿ ಸೋಜಿಗವೇನೂ ತೋರದು. ಕಡಲಾಚೆಯ ಚಕ್ರವರ್ತಿಗಳ ಮುಖಗಳನ್ನು ಬೆಳ್ಳಿಯ ರೂಪಾಯಿಯ ಮೇಲೆ ದಿನವೂ ನೋಡುತ್ತಲೇ ನಮ್ಮ ಹಿರಿಯರು ಬಾಳಿದರು. ಆದರೆ ಅಂದಿನ ಗ್ರೀಕರಿಗೆ ನಾಣ್ಯದ ಮುಖವೆಂಬುದು ದೇವತೆಗಳಿಗೆ ಮೀಸಲಾದ ಸ್ಥಳ. ಅಥೆನ್ಸಿನವರು ಅಥೀನಾ ದೇವಿಯನ್ನೂ ಅವಳ ಗೂಬೆಯನ್ನೂ ಒತ್ತಿಸಿದರು. ಪರ್ಷಿಯದ ಚಕ್ರವರ್ತಿಯ ಹೊನ್ನಿನ ಮೇಲೆ ಬಿಲ್ಲು ಹಿಡಿದ ಅರಸನೊಬ್ಬನು ಇದ್ದನಾದರೂ ಅವನು ಇಂಥವನೆಂದು ಗುರುತಿಸುವಂತಿರಲಿಲ್ಲ. ಏಷ್ಯಾ ಮೈನರಿನ ಕೆಲವು ಕ್ಷತ್ರಪರು ಮಾತ್ರ ಬೆಳ್ಳಿಯ ಮೇಲೆ ತಮ್ಮ ಚಹರೆಯನ್ನು ಮೂಡಿಸಲು ಧೈರ್ಯಮಾಡಿದ್ದರು. ಪ್ಯಾಂಜಿಯಮ್ ಬೆಟ್ಟದ ಗಣಿಗಳಿಂದ ವರುಷಕ್ಕೆ ಸಾವಿರ ಟ್ಯಾಲೆಂಟಿಗೂ ಮಿಕ್ಕ ಆದಾಯವನ್ನು ತೆಗೆದ ಮ್ಯಾಸಿಡೋನಿಯದ ಎರಡನೆಯ ಫಿಲಿಪ್ಪನು ತನ್ನ ಹೊನ್ನಿನ ಮೇಲೆ ಅಪಾಲೋ ದೇವನನ್ನೂ ಜೋಡುಕುದುರೆಯ ರಥವನ್ನೂ ಇಟ್ಟನೇ ಹೊರತು ತನ್ನನ್ನು ಇಟ್ಟುಕೊಳ್ಳಲಿಲ್ಲ. ಅವನ ಮಗ ಅಲೆಕ್ಸಾಂಡರನು ದೇವರ ಮಗನೆನಿಸಿಕೊಂಡರೂ ಅವನ ಚಿನ್ನದ ನಾಣ್ಯದ ಮೇಲೆ ಇದ್ದವರು ಅಥೀನಾ ಮತ್ತು ವಿಜಯದೇವತೆ. ಲೋಕವನ್ನು ಗೆದ್ದವನು ಮಾಡದೆ ಬಿಟ್ಟುದನ್ನು ಅವನ ಅಂಗರಕ್ಷಕರಲ್ಲಿ ಒಬ್ಬನಾಗಿದ್ದವನು ಮಾಡಿದನು. ಅದನ್ನು ಮಾಡಲು ಅವನಿಗೆ ಇಪ್ಪತ್ತು ವರುಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದೇ ಅವನ ಕಥೆಯ ಸ್ವಾರಸ್ಯ.

ಟಾಲೆಮಿಯು ಹುಟ್ಟಿದ್ದು ಕ್ರಿ.ಪೂ. 367ರ ಸುಮಾರಿಗೆ. ತಂದೆ ಲಾಗಸ್, ತಾಯಿ ಆರ್ಸಿನೋಯೆ. ತಂದೆಯ ಕಡೆಯಿಂದ ಹೇಳಿಕೊಳ್ಳುವಂಥ ವಂಶವಲ್ಲ. ಮುಂದೆ ಅವನು ದೊಡ್ಡವನಾದ ಮೇಲೆ ಅವನು ಲಾಗಸನ ಮಗನೇ ಅಲ್ಲ, ಫಿಲಿಪ್ ದೊರೆಗೆ ಹುಟ್ಟಿದವನೆಂಬ ಸುದ್ದಿ ಹಬ್ಬಿತು. ಲಾಗಸನು ಕೂಸನ್ನು ಬಯಲಿನಲ್ಲಿ ಬಿಟ್ಟುಬಂದಾಗ ಹದ್ದೊಂದು ರೆಕ್ಕೆಯ ನೆರಳು ಮಾಡಿ ಅದನ್ನು ಕಾಪಾಡಿತೆಂಬ ಕಥೆಯೂ ಹುಟ್ಟಿತು. ಅರಸುಮನೆಗಳಲ್ಲಿ ಮೊದಲು ಸಿಂಹಾಸನ ಸಿಕ್ಕುತ್ತದೆ, ಆಮೇಲೆ ವಂಶಾವಳಿ ಸಿದ್ಧವಾಗುತ್ತದೆ. ಟಾಲೆಮಿಗೆ ಮಾತ್ರ ತನ್ನ ಮೂಲ ಮರೆತಿರಲಿಲ್ಲವೆಂದು ತೋರುತ್ತದೆ. ಪ್ಲುಟಾರ್ಕನು ಹೇಳುವ ಪ್ರಸಂಗವೊಂದಿದೆ. ದೊರೆಯು ಒಬ್ಬ ವೈಯಾಕರಣನನ್ನು ಗೇಲಿಮಾಡಲೆಂದು, ಪುರಾಣದ ವೀರ ಪೀಲಿಯಸನ ತಂದೆ ಯಾರೆಂದು ಕೇಳಿದನಂತೆ. ಲಾಗಸನ ತಂದೆ ಯಾರೆಂಬುದನ್ನು ಪ್ರಭುಗಳು ಮೊದಲು ತಿಳಿಸಿದರೆ ತಾನೂ ಹೇಳುವೆನೆಂದು ಆ ಪಂಡಿತನು ಉತ್ತರಿಸಿದನು. ಆಸ್ಥಾನವು ಬೆಚ್ಚಿತು. ಗೇಲಿ ಮಾಡುವವನು ಗೇಲಿಯನ್ನು ತಾಳಿಕೊಳ್ಳಲೂಬೇಕೆಂದು ಹೇಳಿ ದೊರೆಯು ಸುಮ್ಮನಾದನು.

ಬಾಲ್ಯದಿಂದಲೂ ಅವನು ಅಲೆಕ್ಸಾಂಡರನ ಪಕ್ಷದವನು. ತಂದೆಮಕ್ಕಳಿಗೆ ಮನಸ್ತಾಪವಾದಾಗ ಫಿಲಿಪ್ಪನು ಗಡೀಪಾರು ಮಾಡಿದ ಗೆಳೆಯರಲ್ಲಿ ಟಾಲೆಮಿಯೂ ಒಬ್ಬ. ಕ್ರಿ.ಪೂ. 336ರಲ್ಲಿ ಫಿಲಿಪ್ಪನು ಕೊಲೆಯಾದ ಮೇಲೆ ಹಿಂದಿರುಗಿದನು. 330ರಲ್ಲಿ ಅಂಗರಕ್ಷಕರೆಂಬ ಬಿರುದಿದ್ದ ಕೆಲವೇ ಆಪ್ತರ ಸಾಲಿಗೆ ಸೇರಿದನು. ಪರ್ಷಿಯದ ಚಕ್ರವರ್ತಿಯನ್ನು ಕೊಂದ ಬೆಸ್ಸಸನನ್ನು ಹಿಡಿದು ತಂದವನು ಅವನೇ. ಸಿಂಧೂನದಿಗೆ ಪಶ್ಚಿಮದ ಬೆಟ್ಟಗಳಲ್ಲಿ ಭಾರತೀಯ ನಾಯಕನೊಬ್ಬನನ್ನು ದ್ವಂದ್ವದಲ್ಲಿ ಕೊಂದನು. 326ರಲ್ಲಿ ಝೀಲಂ ನದಿಯ ದಡದಲ್ಲಿ ಪೋರಸನ ಆನೆಗಳನ್ನು ಎದುರಿಸಿದ ಸೇನೆಯಲ್ಲಿಯೂ ಇದ್ದನು. ಆ ಆನೆಗಳು ಅವನ ಕಥೆಯಲ್ಲಿ ಮತ್ತೆ ಬರಲಿವೆ. ಮಾಲವರ ಕೋಟೆಯಲ್ಲಿ ಅಲೆಕ್ಸಾಂಡರನು ಬಾಣ ತಗುಲಿ ಬಿದ್ದಾಗ ಗುರಾಣಿಯನ್ನು ಅಡ್ಡಹಿಡಿದು ಬದುಕಿಸಿದವನು ಟಾಲೆಮಿಯೆಂದು ಕೆಲವರು ಬರೆದರು. ಆದರೆ ಮುಪ್ಪಿನಲ್ಲಿ ತಾನೇ ಬರೆದ ಚರಿತ್ರೆಯಲ್ಲಿ ಟಾಲೆಮಿಯು ತಾನು ಆ ಹೊತ್ತು ಅಲ್ಲಿ ಇರಲೇ ಇಲ್ಲವೆಂದು ದಾಖಲಿಸಿದನು. ಬಿಟ್ಟಿಯಾಗಿ ಬಂದ ಕೀರ್ತಿಯನ್ನು ಹಿಂದಿರುಗಿಸಿದ ಈ ಒಂದು ನಡತೆಯನ್ನು ಅವನ ಲೆಕ್ಕದಲ್ಲಿ ಜಮೆಯ ಕಡೆಗೆ ಬರೆಯಲೇಬೇಕು. ಖರ್ಚಿನ ಕಡೆಗೂ ಬರೆಯಬೇಕಾದುವು ಮುಂದೆ ಬರುತ್ತವೆ.

ಕ್ರಿ.ಪೂ. 323ರ ಜೂನ್ ತಿಂಗಳಲ್ಲಿ ಬ್ಯಾಬಿಲೋನಿನಲ್ಲಿ ಅಲೆಕ್ಸಾಂಡರನು ತೀರಿಕೊಂಡನು. ಉತ್ತರಾಧಿಕಾರಿಗಳೆಂದರೆ ಬುದ್ಧಿ ಬೆಳೆಯದ ಒಬ್ಬ ಮಲಸಹೋದರ, ಇನ್ನೂ ಹುಟ್ಟಬೇಕಾಗಿದ್ದ ಒಂದು ಕೂಸು. ಬರಿದಾದ ಸಿಂಹಾಸನದ ಎದುರಿನಲ್ಲಿ ದಂಡನಾಯಕರೆಲ್ಲ ಕುಳಿತು ಆಲೋಚಿಸಿ ಆಳೋಣವೆಂದು ಟಾಲೆಮಿಯು ಸೂಚಿಸಿದನೆಂದು ಒಬ್ಬ ಚರಿತ್ರಕಾರನು ಬರೆದಿದ್ದಾನೆ. ಆ ಸೂಚನೆ ನಡೆಯಲಿಲ್ಲ. ಪರ್ಡಿಕಸನು ರಾಜಪ್ರತಿನಿಧಿಯಾದನು, ಪ್ರಾಂತಗಳ ಹಂಚಿಕೆಯಲ್ಲಿ ಟಾಲೆಮಿಗೆ ಈಜಿಪ್ಟು ಬಂದಿತು. ಸುತ್ತ ಮರುಭೂಮಿ, ಒಂದು ಕಡೆ ಕಡಲು, ನಡುವೆ ನೈಲ್ ನದಿಯ ಎರೆಮಣ್ಣು: ಕಾಯಲು ಸುಲಭ, ಕರೆಯಲು ಸಮೃದ್ಧ. ಅಲ್ಲಿ ತೆರಿಗೆ ಕೀಳುತ್ತಿದ್ದ ಕ್ಲಿಯೋಮೆನಿಸನನ್ನು ಕೊಲ್ಲಿಸಿದನು. ಬೊಕ್ಕಸದಲ್ಲಿ ಎಂಟು ಸಾವಿರ ಟ್ಯಾಲೆಂಟ್ ಅವನ ಕೈಸೇರಿತು. ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿಯ ಬೆಲೆ. ಹಣವಿತ್ತು, ನೆಲವಿತ್ತು. ಇಲ್ಲದಿದ್ದುದು ಒಂದೇ: ಆಳಲು ತಾನು ಯಾರೆಂಬ ಪ್ರಶ್ನೆಗೆ ಉತ್ತರ.

ಉತ್ತರವು ದಾರಿಯಲ್ಲಿ ಬರುತ್ತಿದ್ದಿತು. ಅಲೆಕ್ಸಾಂಡರನ ದೇಹವನ್ನು ಸುಗಂಧದ್ರವ್ಯಗಳಲ್ಲಿಟ್ಟು ಚಿನ್ನದ ಪೆಟ್ಟಿಗೆಯಲ್ಲಿ ಮುಚ್ಚಿ, ಅದಕ್ಕೊಂದು ಹೊನ್ನಿನ ಗುಡಿಯಂಥ ರಥವನ್ನು ಕಟ್ಟಲು ಎರಡು ವರುಷ ಹಿಡಿದಿದ್ದಿತು. 64 ಹೇಸರಗತ್ತೆಗಳು ಅದನ್ನು ಎಳೆಯುತ್ತಿದ್ದುವು. ಒಂದೊಂದಕ್ಕೂ ಹೊಂಬಣ್ಣದ ಕಿರೀಟ, ಕೆನ್ನೆಯ ಎರಡು ಪಕ್ಕಕ್ಕೂ ಚಿನ್ನದ ಗಂಟೆ. ಊರೂರಿನ ಜನ ದಾರಿಗೆ ಬಂದು ಕಾದುನಿಂತು ನೋಡಿದರೆಂದು ಡಯೊಡೋರಸನು ವರ್ಣಿಸುತ್ತಾನೆ. ಕ್ರಿ.ಪೂ. 321ರಲ್ಲಿ ಮೆರವಣಿಗೆಯು ಸಿರಿಯವನ್ನು ಮುಟ್ಟಿದಾಗ, ಸತ್ತ ದೊರೆಗೆ ಮರ್ಯಾದೆ ಸಲ್ಲಿಸುವ ನೆಪದಲ್ಲಿ ಟಾಲೆಮಿಯು ಸೈನ್ಯದೊಡನೆ ಎದುರುಗೊಂಡನು. ರಥವು ಈಜಿಪ್ಟಿನ ಕಡೆಗೆ ತಿರುಗಿತು. ದೇಹವನ್ನು ಮೊದಲು ಮೆಂಫಿಸಿನಲ್ಲಿ ಇಟ್ಟರು. ಆಮೇಲೆ ಅಲೆಕ್ಸಾಂಡ್ರಿಯಕ್ಕೆ ಸಾಗಿಸಿದರು. ಸತ್ತವನ ಹೆಸರಿನಲ್ಲಿ ಸೈನಿಕರು ಇನ್ನೂ ಪ್ರಾಣ ಬಿಡುತ್ತಿದ್ದ ಕಾಲ ಅದು. ಹೆಣವನ್ನು ಪಡೆದವನೇ ಮನೆಯ ಹಿರಿಯನೆನಿಸುತ್ತಿದ್ದನು. ಏನೆಂದು ಸಮರ್ಥಿಸಿದರೂ ಇದು ಕಳವೇ ಸರಿ.

ಪರ್ಡಿಕಸನು ಸುಮ್ಮನಿರಲಿಲ್ಲ. ದೊಡ್ಡ ದಂಡಿನೊಡನೆ ಬಂದು ಮೆಂಫಿಸಿನ ಬಳಿ ನೈಲನ್ನು ದಾಟಲು ಹೊರಟನು. ತುಳಿತಕ್ಕೆ ತಳದ ಮರಳು ಕದಲಿ ನೀರು ಆಳವಾಯಿತು. ಎರಡು ಸಾವಿರಕ್ಕೂ ಮಿಕ್ಕ ಜನ ಹೊಳೆಯ ಪಾಲಾದರು. ಅವರಲ್ಲಿ ಸಾವಿರ ಮಂದಿ ಮೊಸಳೆಗಳ ಬಾಯಿಗೆ ಬಿದ್ದರೆಂದು ಹೇಳುತ್ತಾರೆ. ತನ್ನ ದಡಕ್ಕೆ ಬಂದ ಶವಗಳನ್ನು ಟಾಲೆಮಿಯು ವಿಧಿಪೂರ್ವಕವಾಗಿ ದಹನ ಮಾಡಿಸಿ ಮೂಳೆಗಳನ್ನು ಆಚೆಯ ದಂಡಿನಲ್ಲಿದ್ದ ಬಂಧುಗಳಿಗೆ ಕಳುಹಿಸಿದನು. ಅಂದಿನಿಂದ ಪರ್ಡಿಕಸನ ಕಡೆಯವರಿಗೇ ಅವನು ಬೇಡವಾದನು. ಅವನ ಸರದಾರರೇ ಅವನನ್ನು ಡೇರೆಯಲ್ಲಿ ಕೊಂದರು. ಇಡೀ ಸಾಮ್ರಾಜ್ಯದ ರಾಜಪ್ರತಿನಿಧಿಯ ಪದವಿಯು ಟಾಲೆಮಿಯ ಕೈಗೆಟುಕುವಂತಿದ್ದಿತು. ಅವನು ಅದನ್ನು ಮುಟ್ಟಲಿಲ್ಲ. ಸಮಕಾಲೀನರೆಲ್ಲರೂ ಸಾಮ್ರಾಜ್ಯದ ಆಸೆಗೆ ಬಿದ್ದು ಕೆಟ್ಟಾಗ ಇವನು ತನ್ನ ಹೊಳೆಯ ದಂಡೆಯನ್ನು ಬಿಡಲಿಲ್ಲವೆಂಬುದರಲ್ಲಿ ಅವನ ಬುದ್ಧಿಯೆಲ್ಲ ಅಡಗಿದೆ.

ಇದಾದ ಸ್ವಲ್ಪದರಲ್ಲಿ, ಕ್ರಿ.ಪೂ. 319ರ ಸುಮಾರಿಗೆ, ಈಜಿಪ್ಟಿನ ಟಂಕಸಾಲೆಯಿಂದ ಹೊಸ ಬೆಳ್ಳಿಯ ನಾಣ್ಯ ಹೊರಟಿತು. ಅದರ ಮೇಲೆ ಅಲೆಕ್ಸಾಂಡರನ ತಲೆ. ಆ ತಲೆಯ ಮೇಲೆ ಆನೆಯ ತೊಗಲಿನ ಮುಂಡಾಸು, ಮೇಲಕ್ಕೆತ್ತಿದ ಸೊಂಡಿಲು. ಕಿವಿಯ ಬಳಿ ಟಗರಿನ ಕೊಂಬಿನ ಸುರುಳಿ. ಆನೆಯೆಂದರೆ ಭಾರತವನ್ನು ಗೆದ್ದವನು. ಕೊಂಬೆಂದರೆ ಆಮನ್ ದೇವನ ಮಗನು. ಸಂಬಳದ ದಿನ ಕೂಲಿ ಸೈನಿಕನು ಕೈನೀಡಿದಾಗ ಅದರಲ್ಲಿ ಬೀಳುತ್ತಿದ್ದುದು ಅವನು ಕಣ್ಣಾರೆ ಕಂಡಿದ್ದ ಒಡೆಯನ ಮುಖ. ಓದು ಬಾರದವನೂ ಅದನ್ನು ಓದಬಲ್ಲವನಾಗಿದ್ದನು. ನಾಣ್ಯದ ಮೇಲಿನ ಹೆಸರೂ ಅಲೆಕ್ಸಾಂಡರನದೇ. ಕೆಲವು ವರುಷಗಳ ಮೇಲೆ ಹಿಂಬದಿಯ ಮೂಲೆಯಲ್ಲಿ ಒಂದು ಪುಟ್ಟ ಹದ್ದು ಬಂದು ಕುಳಿತಿತು. ತೀರ ವಿರಳವಾದ ಕೆಲವು ನಾಣ್ಯಗಳಲ್ಲಿ ಇದು ಟಾಲೆಮಿಯ ಅಲೆಕ್ಸಾಂಡರ್ ನಾಣ್ಯವೆಂಬ ಬರಹ ಕಾಣಿಸಿಕೊಂಡಿತು. ಆಮೇಲೆ ಆ ಹೆಸರು ಮರೆಯಾಯಿತು. ಬಾಗಿಲಲ್ಲಿ ಇಣುಕಿ ನೋಡಿ ಹಿಂದೆ ಸರಿದವನಂತೆ!

ಅವನು ಇನ್ನೂ ಹೆಸರಿಗೆ ಕ್ಷತ್ರಪ ಮಾತ್ರ. ಮಲಸಹೋದರನು 317ರಲ್ಲಿ ಕೊಲೆಯಾದನು. ಆದರೂ ಕ್ರಿ.ಪೂ. 311ರಲ್ಲಿ ಟಾಲೆಮಿಯು ದೇವಾಲಯವೊಂದಕ್ಕೆ ಭೂಮಿಯನ್ನು ಹಿಂದಿರುಗಿಸಿ ಹಾಕಿಸಿದ ಶಿಲಾಶಾಸನಕ್ಕೆ, ದೂರದ ಮ್ಯಾಸಿಡೋನಿಯದ ಸೆರೆಯಲ್ಲಿದ್ದ ಬಾಲಕ ಅಲೆಕ್ಸಾಂಡರನ ಏಳನೆಯ ಆಳ್ವಿಕೆಯ ವರ್ಷವೆಂದೇ ತೇದಿ ಹಾಕಲಾಗಿದೆ. ಆ ಹುಡುಗನನ್ನೂ ಅವನ ತಾಯಿಯನ್ನೂ ಸ್ವಲ್ಪ ಕಾಲದಲ್ಲೇ ಗುಟ್ಟಾಗಿ ಕೊಂದರು. ಕಚೇರಿಯ ಕಾಗದಗಳಲ್ಲಿ ಮಾತ್ರ ಅವನು ಇನ್ನೂ ಕೆಲವು ವರುಷ ಬದುಕಿದ್ದನು.

ಈ ನಡುವೆ ಕ್ರಿ.ಪೂ. 312ರಲ್ಲಿ ಗಾಜಾದ ಬಳಿ ಡೆಮಿಟ್ರಿಯಸನ ಆನೆಗಳನ್ನು ತಡೆಯಲು ಮೊಳೆಗಳನ್ನು ಹೊಡೆದ ಸರಪಳಿಗಳನ್ನು ನೆಲದಲ್ಲಿ ಹರಡಿ ಗೆದ್ದನು. 43 ಆನೆಗಳು ಅವನ ಕೈಸೆರೆಯಾದುವು. ಆ ಗೆಲುವಿನ ಬಲದಿಂದ ಸೆಲ್ಯೂಕಸನಿಗೆ ಸಣ್ಣದೊಂದು ಪಡೆಯನ್ನು ಕೊಟ್ಟು ಬ್ಯಾಬಿಲೋನಿಗೆ ಕಳುಹಿಸಿದನು. ಮುಂದೆ ನಮ್ಮ ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡು ಐನೂರು ಆನೆಗಳನ್ನು ಪಡೆದ ಸೆಲ್ಯೂಕಸನು ಇವನೇ. ಆದರೆ 306ರಲ್ಲಿ ಸೈಪ್ರಸಿನ ಸಾಲಮಿಸ್ ಬಳಿ ಅದೇ ಡೆಮಿಟ್ರಿಯಸನು ಟಾಲೆಮಿಯ ನೌಕಾಬಲವನ್ನು ನುಚ್ಚುನೂರು ಮಾಡಿದನು. ದ್ವೀಪ ಹೋಯಿತು, ತಮ್ಮ ಮೆನೆಲಾಸನೂ ಒಬ್ಬ ಮಗನೂ ಸೆರೆಸಿಕ್ಕಿದರು. ಗೆದ್ದವನು ಅವರನ್ನು ಮರ್ಯಾದೆಯಿಂದ ಹಿಂದಕ್ಕೆ ಕಳುಹಿಸಿದನೆಂಬುದು ಬೇರೆ ಮಾತು. ಆ ಜಯದ ಸಂಭ್ರಮದಲ್ಲಿ ಡೆಮಿಟ್ರಿಯಸನೂ ಅವನ ತಂದೆ ಆಂಟಿಗೋನಸನೂ ರಾಜರೆಂದು ಘೋಷಿಸಿಕೊಂಡರು.

ಟಾಲೆಮಿಯು ರಾಜನಾದದ್ದು ಹೀಗೆ, ತನ್ನ ಬಾಳಿನ ದೊಡ್ಡ ಸೋಲಿನ ಬೆನ್ನಿಗೆ! ಸೋತೆನೆಂದು ಕುಗ್ಗಿದರೆ ಸೈನಿಕರು ಕೈಬಿಡುತ್ತಾರೆ. 305–304ರ ಹೊತ್ತಿಗೆ ಅವನೂ ಪಟ್ಟವನ್ನು ಕಟ್ಟಿಕೊಂಡನು. ಈ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಗ್ರೀಕ್ ದೊರೆಗಳಿಗೆ ಕಿರೀಟವಿರಲಿಲ್ಲ; ಹಣೆಯನ್ನು ಸುತ್ತಿ ಹಿಂದೆ ಗಂಟುಹಾಕಿದ ಬಟ್ಟೆಯ ಪಟ್ಟಿಯೇ ಅವರ ರಾಜಚಿಹ್ನೆ. ಪಟ್ಟ ಕಟ್ಟುವುದೆಂಬ ನಮ್ಮ ಕನ್ನಡದ ಮಾತು ಇದಕ್ಕೆ ಒಪ್ಪುವಷ್ಟು ಬೇರೆ ಯಾವುದೂ ಒಪ್ಪದು. ಡೆಮಿಟ್ರಿಯಸನು ರೋಡ್ಸ್ ದ್ವೀಪವನ್ನು ಮುತ್ತಿದಾಗ ಟಾಲೆಮಿಯು ಧಾನ್ಯವನ್ನೂ ದಂಡನ್ನೂ ಕಳುಹಿಸಿ ಊರನ್ನು ಉಳಿಸಿದನು. ಅಲ್ಲಿಯವರು ಅವನಿಗೆ ರಕ್ಷಕನೆಂಬ ಬಿರುದನ್ನು ಕೊಟ್ಟರೆಂದು ಹೇಳುತ್ತಾರೆ.

ಮೊದಲು ವರ್ಣಿಸಿದ ಹೊನ್ನಿನ ನಾಣ್ಯ ಬಂದುದು ಇದಾದ ಮೇಲೆ. ಹಣೆಯ ಮೇಲೆ ಆ ಪಟ್ಟ; ಕೊರಳ ಬಳಿ ಜ್ಯೂಸ್ ದೇವನ ಆಡಿನ ತೊಗಲು. ಅಚ್ಚನ್ನು ಕೊರೆದವನು ಮುಖದ ಒರಟುತನವನ್ನು ಮರೆಮಾಚಲಿಲ್ಲ; ದೊರೆಯು ಮರೆಮಾಚಬೇಕೆಂದು ಹೇಳಲೂ ಇಲ್ಲವೆಂದು ಊಹಿಸಬಹುದು. ಅವನ ಹಲವು ನಾಣ್ಯಗಳಲ್ಲಿ ಕಿವಿಯ ಹಿಂದೆ, ಕೂದಲ ಸುರುಳಿಗಳ ನಡುವೆ, ಡೆಲ್ಟಾ ಎಂಬ ಒಂದು ಪುಟ್ಟ ಗ್ರೀಕ್ ಅಕ್ಷರವಿದೆ. ಅದು ಅಚ್ಚುಕೊರೆದ ಕುಶಲಿಯ ಅಂಕಿತವೆಂದು ಬಹಳ ವಿದ್ವಾಂಸರ ಅಭಿಪ್ರಾಯ. ದೊರೆಯು ದೇವರ ಜಾಗದಲ್ಲಿ ಕುಳಿತಾಗ ಅಕ್ಕಸಾಲಿಯೂ ದೊರೆಯ ಕಿವಿಯ ಹಿಂದೆ ತನಗೊಂದಿಷ್ಟು ಜಾಗ ಮಾಡಿಕೊಂಡನು! ಹಿಂಬದಿಯ ಆನೆಯ ರಥದಲ್ಲಿ ನಿಂತವನು ಅಲೆಕ್ಸಾಂಡರನೇ. ಅಂದರೆ ಒಡೆಯನನ್ನು ಬಿಟ್ಟುಕೊಡಲಿಲ್ಲ. ದೇವರನ್ನಾಗಿ ಮಾಡಿ ಹಿಂದಕ್ಕೆ ಕಳುಹಿಸಿದ್ದಾಯಿತು. ಅಲೆಕ್ಸಾಂಡರನ ಉತ್ತರಾಧಿಕಾರಿಗಳಲ್ಲಿ ಬದುಕಿರುವಾಗಲೇ ತನ್ನ ಮುಖವನ್ನು ಚಿನ್ನದ ಮೇಲೆ ಒತ್ತಿಸಿದವರಲ್ಲಿ ಇವನೇ ಮೊದಲಿಗನೆಂದು ಎಣಿಕೆ. ಅವನ ಸರೀಕನಾದ ಲೈಸಿಮಾಕಸನು ಕೊನೆಯವರೆಗೂ ಅಲೆಕ್ಸಾಂಡರನ ಮುಖವನ್ನೇ ಒತ್ತಿಸಿದನು.

ಸೈಪ್ರಸನ್ನು ಮತ್ತೆ ಗೆದ್ದ ಕ್ರಿ.ಪೂ. 294ರ ಸುಮಾರಿಗೆ ಇನ್ನೂ ದೊಡ್ಡ ಹೊನ್ನು ಬಂದಿತು, ಸುಮಾರು 17.8 ಗ್ರಾಮಿನದು. ಮುಂಬದಿಯಲ್ಲಿ ಅದೇ ಮುಖ. ಹಿಂಬದಿಯಲ್ಲಿ ರಥವಿಲ್ಲ, ಆನೆಗಳಿಲ್ಲ, ಅಲೆಕ್ಸಾಂಡರನಿಲ್ಲ. ಸಿಡಿಲಿನ ಮೇಲೆ ಕಾಲೂರಿ ನಿಂತ ಹದ್ದು ಮಾತ್ರ. ಮೂಲೆಯಲ್ಲಿ ಪುಟ್ಟದಾಗಿ ಕುಳಿತಿದ್ದ ಹಕ್ಕಿ ಈಗ ನಾಣ್ಯದ ತುಂಬ ನಿಂತಿತು. ಕೂಸಿಗೆ ನೆರಳುಮಾಡಿದ ಹದ್ದಿನ ಕಥೆ ಈ ನಾಣ್ಯವನ್ನು ಹುಟ್ಟಿಸಿತೋ, ನಾಣ್ಯವೇ ಆ ಕಥೆಯನ್ನು ಹುಟ್ಟಿಸಿತೋ! ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಸಂಭವನೀಯ.

ಮುಖದ ಬದಲಾವಣೆಯೊಡನೆ ತೂಕವೂ ಬದಲಾಯಿಸಿತು. ಎಲ್ಲರ ಕಣ್ಣಿಗೆ ಬಿದ್ದುದು ಮುಖ. ದೊರೆಗೆ ಲಾಭ ತಂದುದು ತೂಕ. ಅಲೆಕ್ಸಾಂಡರನ ಪದ್ಧತಿಯಲ್ಲಿ 17.2 ಗ್ರಾಮ್ ತೂಗುತ್ತಿದ್ದ ನಾಲ್ಕು ದ್ರಾಕ್ಮದ ಬೆಳ್ಳಿಯ ನಾಣ್ಯವನ್ನು ಟಾಲೆಮಿಯು ಮೊದಲು 15.7 ಗ್ರಾಮಿಗೂ ಕೊನೆಗೆ 14.2 ಗ್ರಾಮಿಗೂ ಇಳಿಸಿದನು. ಈಜಿಪ್ಟಿನೊಳಗೆ ಬೇರೆ ನಾಣ್ಯಗಳ ಚಲಾವಣೆ ನಿಂತಿತು. ಗೋಧಿ, ಪಪೈರಸ್ ಕೊಳ್ಳಲು ಬಂದ ವರ್ತಕನು ಬಂದರಿನಲ್ಲಿ ತನ್ನ ಭಾರದ ನಾಣ್ಯವನ್ನು ಕೊಟ್ಟು ದೊರೆಯ ಮುಖವಿದ್ದ ಹಗುರದ ನಾಣ್ಯವನ್ನು ಪಡೆಯಬೇಕಾಯಿತು. ಮುಖಕ್ಕೆ ತೆತ್ತ ಬೆಲೆಯೆಂದರೆ ಇದು. ಅವನ ಮಗನ ಕಾಲದ, ಕ್ರಿ.ಪೂ. 258ರ, ಒಂದು ಪಪೈರಸ್ ಕಾಗದ ಉಳಿದುಬಂದಿದೆ. ಅಲೆಕ್ಸಾಂಡ್ರಿಯದ ಟಂಕಸಾಲೆಯ ಡೆಮಿಟ್ರಿಯಸ್ ಎಂಬ ಅಧಿಕಾರಿಯು ಹಣಕಾಸಿನ ಮಂತ್ರಿಗೆ ಬರೆದ ಕಾಗದ ಅದು. 57,000 ಚಿನ್ನದ ನಾಣ್ಯಗಳನ್ನು ಪಡೆದು ಹೊಸದಾಗಿ ಒತ್ತಿಸಿ ಹಿಂದಿರುಗಿಸಿದ ಲೆಕ್ಕವನ್ನು ಒಪ್ಪಿಸುತ್ತ, ಪರದೇಶದ ವರ್ತಕರು ತಂದ ಹೊನ್ನು ಬದಲಾಗದೆ ಕೊಳೆಯುತ್ತಿದೆಯೆಂದೂ ಅವರೆಲ್ಲ ಸಿಡುಕುತ್ತಿದ್ದಾರೆಂದೂ ಅವನು ತೋಡಿಕೊಳ್ಳುತ್ತಾನೆ. ತಂದೆ ಹಾಕಿದ ಕಟ್ಟಳೆ ಮಗನ ಕಾಲದಲ್ಲಿ ಎಷ್ಟು ಬಿಗಿಯಾಗಿದ್ದಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇನ್ನು ಆ ವಂಶದ ನ್ಯೂಬಿಯದ ಗಣಿಗಳ ಸಂಗತಿಯನ್ನು ಅಗಾಥಾರ್ಕಿಡಿಸನು ಬರೆದಿಟ್ಟಿದ್ದಾನೆ. ಯುದ್ಧದ ಸೆರೆಯಾಳುಗಳೂ ಅಪರಾಧಿಗಳೂ ಹಣೆಗೆ ದೀಪ ಕಟ್ಟಿಕೊಂಡು ಸಂಕೋಲೆಯಲ್ಲಿ ಕಲ್ಲು ಒಡೆಯುತ್ತಿದ್ದರು. ಎಳೆಯ ಹುಡುಗರು ಬಿಲಗಳಲ್ಲಿ ತೆವಳಿ ಅದನ್ನು ಆಯ್ದು ತರುತ್ತಿದ್ದರು. ಹೆಂಗಸರೂ ಮುದುಕರೂ ಬೀಸುತ್ತಿದ್ದರು. ಇದನ್ನು ಓದಿದ ಮೇಲೆ ಗಾಜಿನ ಕಪಾಟಿನಲ್ಲಿ ಮಿನುಗುವ ಟಾಲೆಮಿಗಳ ಹೊನ್ನನ್ನು ಮೊದಲಿನ ಕಣ್ಣಿನಿಂದ ನೋಡಲಾಗುವುದಿಲ್ಲ.

ಹೀಗೆ ಹೊನ್ನನ್ನು ಒತ್ತಿಸಿದವನ ಮನೆಯಲ್ಲಿ ಹೊನ್ನಿನ ಆಡಂಬರವಿರಲಿಲ್ಲವೆಂಬುದು ವಿಚಿತ್ರ. ಅವನು ಹೆಚ್ಚಾಗಿ ಗೆಳೆಯರ ಮನೆಗಳಲ್ಲೇ ಉಂಡು ಮಲಗುತ್ತಿದ್ದನಂತೆ. ತಾನೇ ಔತಣವಿಟ್ಟರೆ ಬಟ್ಟಲು, ಮಣೆಗಳನ್ನು ಅವರಿಂದಲೇ ಎರವಲು ತರಿಸುತ್ತಿದ್ದನಂತೆ. ತಾನು ಸಿರಿವಂತನಾಗುವುದಕ್ಕಿಂತ ಇತರರನ್ನು ಸಿರಿವಂತರನ್ನಾಗಿ ಮಾಡುವುದೇ ಅರಸನಿಗೆ ತಕ್ಕುದೆಂಬುದು ಅವನ ಮತವೆಂದು ಪ್ಲುಟಾರ್ಕನು ತಿಳಿಸುತ್ತಾನೆ. ಬಂದರಿನ ವರ್ತಕರು ಇದನ್ನು ಕೇಳಿ ನಕ್ಕಿರಬೇಕು. ವಿದ್ವಾಂಸರಿಗೆ ಮಾತ್ರ ಅವನ ಕೈ ಧಾರಾಳವಾಗಿದ್ದಿತು. ಅಲೆಕ್ಸಾಂಡ್ರಿಯದ ಜಗತ್ಪ್ರಸಿದ್ಧ ವಿದ್ಯಾಲಯ, ಗ್ರಂಥಭಂಡಾರಗಳಿಗೆ ತಳಹದಿ ಬಿದ್ದುದು ಅವನಿಂದ. ತನ್ನ ಒಡೆಯನ ಚರಿತ್ರೆಯನ್ನು ತಾನೇ ಬರೆದನು. ಅದು ಇಂದು ಉಳಿದಿಲ್ಲ. ಅದನ್ನು ನೆಚ್ಚಿ ನಾಲ್ಕು ಶತಮಾನಗಳ ಮೇಲೆ ಏರಿಯನನು ಬರೆದ ಗ್ರಂಥವಿದೆ. ಟಾಲೆಮಿಯನ್ನು ನಂಬಲು ಏರಿಯನನು ಕೊಡುವ ಕಾರಣ ಮುದ್ದಾಗಿದೆ: ಅವನು ರಾಜನಾದ್ದರಿಂದ ಸುಳ್ಳು ಹೇಳುವುದು ಅವನಿಗೆ ಇತರರಿಗಿಂತ ಹೆಚ್ಚು ನಾಚಿಕೆಗೇಡು. ನಾಣ್ಯದಿಂದ ಹಿಂದಕ್ಕೆ ಸರಿಸಿದವನನ್ನು ಪುಸ್ತಕದಲ್ಲಿ ಮುಂದಕ್ಕೆ ತಂದು ಋಣ ತೀರಿಸಿದನೋ ಏನೋ!

ಕ್ರಿ.ಪೂ. 285ರಲ್ಲಿ ಹಿರಿಯ ಮಗನನ್ನು ಬಿಟ್ಟು ಕಿರಿಯ ಹೆಂಡತಿ ಬೆರನೈಸಿಯ ಮಗನನ್ನು ಜೊತೆಯ ಅರಸನನ್ನಾಗಿ ಮಾಡಿಕೊಂಡನು. ಎರಡು ಮೂರು ವರುಷಗಳಲ್ಲಿ, ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ, ಹಾಸಿಗೆಯ ಮೇಲೆ ನೆಮ್ಮದಿಯಿಂದ ಕಣ್ಣುಮುಚ್ಚಿದನು. ಆಂಟಿಗೋನಸನು ರಣದಲ್ಲಿ ಬಿದ್ದಿದ್ದನು, ಡೆಮಿಟ್ರಿಯಸನು ಸೆರೆಯಲ್ಲಿ ಸತ್ತನು. 281ರಲ್ಲಿ ಲೈಸಿಮಾಕಸನು ಯುದ್ಧದಲ್ಲಿ ಮಡಿದನು. ಅದೇ ವರುಷ ಸೆಲ್ಯೂಕಸನು ಕೊಲೆಯಾದನು. ಕೊಂದವನು ಪಟ್ಟ ತಪ್ಪಿದ ಟಾಲೆಮಿಯ ಆ ಹಿರಿಯ ಮಗ.

ಪಟ್ಟಕ್ಕೆ ಬಂದ ಮಗನು ತಂದೆತಾಯಿಗಳನ್ನು ದೇವರ ಸಾಲಿಗೆ ಸೇರಿಸಿದನು. ಅವನು ಒತ್ತಿಸಿದ ಭಾರಿ ಹೊನ್ನೊಂದರಲ್ಲಿ ಒಂದು ಬದಿಗೆ ತಾನೂ ತನ್ನ ರಾಣಿಯೂ, ಇನ್ನೊಂದು ಬದಿಗೆ ತಂದೆಯೂ ತಾಯಿಯೂ ಇದ್ದಾರೆ. ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿ ತುರಮಾಯನೆಂಬ ಹೆಸರಿನಿಂದ ಬರುವ ಯವನರಾಜನು ಈ ಮಗನೇ.

ಮುದುಕನ ಮುಖವಾದರೋ ವಂಶದ ಕೊನೆಯವರೆಗೂ ಅಲೆಕ್ಸಾಂಡ್ರಿಯದ ಬೆಳ್ಳಿಯನ್ನು ಬಿಡಲಿಲ್ಲ. ಪೀಳಿಗೆ ಕಳೆದಂತೆಲ್ಲ ಬೆಳ್ಳಿ ಕೀಳಾಯಿತು; ಮುಖ ಮಾತ್ರ ಅದೇ. ಇನ್ನೂರು ವರುಷಗಳ ಮೇಲೆ ಅದೇ ಹೆಸರಿನ ವಂಶಜನೊಬ್ಬನು ಹಣಕ್ಕೆ ಗತಿಯಿಲ್ಲದೆ ಅಲೆಕ್ಸಾಂಡರನ ಚಿನ್ನದ ಪೆಟ್ಟಿಗೆಯನ್ನೇ ತೆಗೆದುಕೊಂಡು ದೇಹವನ್ನು ಗಾಜಿನದಕ್ಕೆ ಬದಲಾಯಿಸಿದನು. ಅಲೆಕ್ಸಾಂಡ್ರಿಯದಲ್ಲಿ ಕೆಲಕಾಲವಿದ್ದ ಸ್ಟ್ರೇಬೋ ಇದನ್ನು ಬರೆದು, ಆ ಕೊಳ್ಳೆಯಿಂದ ಅವನಿಗೆ ಪ್ರಯೋಜನವೇನೂ ಆಗಲಿಲ್ಲವೆಂದು ಸೇರಿಸಿದ್ದಾನೆ. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರ ಸತ್ತ ಮೇಲೆ ರೋಮಿನ ಆಕ್ಟೇವಿಯನನು ಆ ದೇಹವನ್ನು ನೋಡಲು ಬಂದು ಹೂವುಗಳನ್ನು ಅರ್ಪಿಸಿದನು. ಟಾಲೆಮಿಗಳ ಸಮಾಧಿಗಳನ್ನೂ ನೋಡಬೇಕೇ ಎಂದು ಅಲ್ಲಿಯವರು ಆಸೆಯಿಂದ ಕೇಳಿದರು. ತಾನು ನೋಡಲು ಬಂದದ್ದು ಒಬ್ಬ ರಾಜನನ್ನು, ಹೆಣಗಳನ್ನಲ್ಲವೆಂದು ಹೇಳಿ ಅವನು ಹೊರಟುಹೋದನು. ಅವರ ಭಂಡಾರವನ್ನು ಮಾತ್ರ ಬಿಡಲಿಲ್ಲ. ಆ ಸಂಪತ್ತೆಲ್ಲ ಹಡಗುಗಳಲ್ಲಿ ರೋಮಿಗೆ ಹೋಯಿತು. ಅದು ಬಂದಿಳಿದ ಮೇಲೆ ಆ ಊರಿನಲ್ಲಿ ಸಾಲದ ಬಡ್ಡಿ ಇಳಿದು ಭೂಮಿಯ ಬೆಲೆ ಏರಿತು.